ಬೆಚ್ಚಗಿನ ಕಪ್ಪು

ಗೆರೆಹಾಳೆ ಅರ್ಧ ಹೊರಗೆ ಬಂದಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಗಾಡಿ ನಿಂತ ಸದ್ದಾಯಿತು.

ಸೊಸೆ ಪ್ರಿಂಟರಿನ ಮುಂದೆ ಬಗ್ಗಿ, ಹೊರಬರುತ್ತಿದ್ದ ಗೆರೆಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಒಳಗೆ ಒಲೆಯ ಮೇಲೆ ಹಾಲಿತ್ತು. ಹಾಲು ಉಕ್ಕುವುದರೊಳಗೆ ಮುಗಿಯಬೇಕಾದ ಕೆಲಸ ಇದು: ಮಿಷಿನ್ನಿಗೆ ಒಂದು ಹಾಳೆ ಕೊಡುವುದು, ಅದರ ಹೊಟ್ಟೆಯೊಳಗಿನ ಇಂಕುಗಳೆಲ್ಲ ತಲಾ ಒಂದು ಗೆರೆ ಎಳೆಯುವಂತೆ ಮಾಡುವುದು, ಗೆರೆ ಎಲ್ಲೂ ತುಂಡಾಗಿಲ್ಲವೆಂದು ಖಾತ್ರಿ ಮಾಡಿಕೊಂಡು ಹಾಲಿನ ಕಡೆ ಓಡುವುದು. ಇಂಕು ಚಿಮ್ಮುವ ತೂತುಗಳು ಕೂದಲಿಗಿಂತ ಸಣ್ಣವು. ನಾಲ್ಕಾರು ದಿನ ಸುಮ್ಮನೆ ಬಿಟ್ಟರೆ ಒಣಗಿ ಮುಚ್ಚಿಕೊಳ್ಳುತ್ತವೆ. ಅತ್ತೆ ಇದಕ್ಕೆ ಮಿಷಿನ್ನಿನ ಬಾಯಿ ತೊಳೆಸೋದು ಎನ್ನುತ್ತಿದ್ದರು. ಅವರು ಆಸ್ಪತ್ರೆ ಸೇರಿದಾಗಿನಿಂದ ಸೊಸೆ ಎಷ್ಟೇ ಓಡಾಟವಿದ್ದರೂ ಬೆಳಿಗ್ಗೆ ಇದೊಂದನ್ನು ತಪ್ಪಿಸಿರಲಿಲ್ಲ.

ಗಾಡಿಯಲ್ಲಿ ಬಂದದ್ದು ಅತ್ತೆಯೇ. ನಿನ್ನೆ ಸಂಜೆ ಆಸ್ಪತ್ರೆಯ ಹಾಸಿಗೆಯಲ್ಲಿ ಕಣ್ಣು ಬಿಡದೆಯೇ ಹೋಗಿಬಿಟ್ಟಿದ್ದರು. ನಾಲ್ವರು ಗಾಜಿನ ಮುಚ್ಚಳದ ತಣ್ಣನೆಯ ಪೆಟ್ಟಿಗೆಯನ್ನು ಹೊತ್ತು ತಂದು ಮುಂದಿನ ಕೋಣೆಯಲ್ಲಿ ಇಳಿಸಿದರು. ಮನೆಯಲ್ಲಿ ಅಷ್ಟು ದೊಡ್ಡ ಕೋಣೆ ಇದ್ದದ್ದು ಅದೊಂದೇ. ಅತ್ತೆ ಇಷ್ಟು ವರ್ಷ ಕೂತು ಜನರ ಫೋಟೋಗಳನ್ನು ಪ್ರಿಂಟು ತೆಗೆದುಕೊಟ್ಟ ಕೋಣೆಯೂ ಅದೇ.

"ಪ್ಲಗ್ ಎಲ್ಲಿ ಸಾರ್?" ಎಂದ ಪೆಟ್ಟಿಗೆಯವನು. ಉತ್ತರಕ್ಕೆ ಕಾಯಲಿಲ್ಲ. ಗೋಡೆಯಲ್ಲಿದ್ದ ಒಂದೇ ಸಾಕೆಟ್ಟಿನಿಂದ ಒಂದು ವೈರು ಕಿತ್ತ, ತನ್ನದನ್ನು ಚುಚ್ಚಿದ. ಪೆಟ್ಟಿಗೆ ಗುರ್ ಎಂದು ಉಸಿರಾಡತೊಡಗಿತು. ಪ್ರಿಂಟರು ಮಾತಿನ ನಡುವೆ ಬಾಯಿ ಮುಚ್ಚಿಸಿದಂತೆ ತಟಕ್ಕನೆ ನಿಂತಿತು. ಅರ್ಧ ಹಾಳೆ ಹೊರಗೆ, ಅರ್ಧ ಒಳಗೆ.

"ಅಯ್ಯೋ, ಅದನ್ನ ಕೀಳಬಾರದಿತ್ತು..." ಎಂದಳು ಸೊಸೆ. ಅಷ್ಟರಲ್ಲಿ ಹಾಲು ಉಕ್ಕಿ ಸೀದ ವಾಸನೆ ಕೋಣೆಯ ತುಂಬ ಹರಡಿತು. ಬಂದವರೆಲ್ಲ ಆ ವಾಸನೆಯಲ್ಲೇ ಅತ್ತೆಯ ಮುಖ ನೋಡಿದರು.

ನಾದಿನಿ ಬಂದಳು, ಗಾಜಿನ ಮೇಲೆ ಹಣೆಯಿಟ್ಟು ಅತ್ತಳು. ಅತ್ತು ಅತ್ತು ಸುಸ್ತಾದ ಮೇಲೆ ಮೂಗು ಒರೆಸಿಕೊಂಡು ಸುತ್ತ ಗೋಡೆ ನೋಡಿದಳು. ಗೋಡೆಯ ತುಂಬ ಕಪ್ಪು ಬಿಳುಪು ಫೋಟೋಗಳು: ಬೀದಿಯವರ ಮದುವೆ, ತೊಟ್ಟಿಲು, ಸ್ಕೂಲಿನ ಮೊದಲ ದಿನ, ಮುದುಕರ ನಗು.

"ಅಣ್ಣಾ, ಊರವರೆಲ್ಲ ಇದ್ದಾರೆ. ಅಮ್ಮಂದು ಎಲ್ಲಿ?"

ಅವಳ ಅಣ್ಣ, ಎಂದರೆ ಸೊಸೆಯ ಗಂಡ, ತಾನೂ ಒಮ್ಮೆ ಗೋಡೆ ಸುತ್ತ ನೋಡಿದ. ಇರಲಿಲ್ಲ. ಒಂದೂ ಇರಲಿಲ್ಲ.

"ತಲೆ ಹತ್ತಿರ ಇಡೋಕೆ ಒಂದು ಬೇಕಲ್ವಾ. ಮೇನ್ ರೋಡ್ ಸ್ಟುಡಿಯೋಗೆ ಕಳಿಸ್ತೀನಿ. ಬೇಗ ಮಾಡಿಕೊಡ್ತಾರೆ, ಕಲರ್ರು."

"ಕಲರ್ರಾ? ಅಮ್ಮಂಗಾ? ಎದ್ದು ಕೂತು ಬೈತಾಳೆ ನೋಡು."

ಅಳುತ್ತಿದ್ದವರಲ್ಲೇ ಇಬ್ಬರು ಮೂವರು ನಕ್ಕುಬಿಟ್ಟರು. ನಕ್ಕದ್ದಕ್ಕೆ ನಾಚಿ ಮತ್ತೆ ಅತ್ತರು.

"ನಾನೇ ಪ್ರಿಂಟ್ ತೆಗೀತೀನಿ ರೀ," ಎಂದಳು ಸೊಸೆ. "ಅತ್ತೇದೇ ಮಿಷಿನ್ನಲ್ಲಿ, ಅವರದೇ ಇಂಕಲ್ಲಿ."

"ನೀನಾ? ನಿಂಗೆ ಅದರ ಸೆಟ್ಟಿಂಗೆಲ್ಲ ಗೊತ್ತಾ? ಮಧ್ಯಾಹ್ನ ಒಯ್ಯೋಕೆ ಗಾಡಿ ಬರುತ್ತೆ."

"ಅಷ್ಟರಲ್ಲಿ ಆಗುತ್ತೆ."

ಆಗುತ್ತದೆಯೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಅತ್ತೆ ಅವಳ ಕೈಗೆ ಗೆರೆಹಾಳೆಯ ಆಚೆ ಏನನ್ನೂ ಕೊಟ್ಟವರಲ್ಲ. ನೋಡಲು ಬಿಟ್ಟಿದ್ದರು, ಅಷ್ಟೇ. ಆದರೆ ಹೋಗುವ ದಿನವಾದರೂ ಅವರ ಮುಖ ಅವರಿಗೆ ಒಪ್ಪಿಗೆಯಾಗುವ ಕಪ್ಪಿನಲ್ಲಿ ಬರಬೇಕೆಂದು ಅವಳ ಮನಸ್ಸು ಹಟ ಹಿಡಿದಿತ್ತು.

ಯಾರೋ ಅವಳ ತೋಳು ಜಗ್ಗಿದರು. ಚುಕ್ಕಿ. ಏಳು ವರ್ಷದ ಮಗಳು. ಬೆಳಗಿನಿಂದ ಇದು ಎಷ್ಟನೆಯ ಸಲವೋ. ಹತ್ತಿರ ಬರುತ್ತಾಳೆ, ತೋಳು ಹಿಡಿಯುತ್ತಾಳೆ, ಬಾಯಿ ತೆರೆಯುತ್ತಾಳೆ, ಏನೋ ಗಂಟಲಿನವರೆಗೆ ಬಂದದ್ದನ್ನು ನುಂಗಿ ಮುಚ್ಚಿಕೊಳ್ಳುತ್ತಾಳೆ. ಅಜ್ಜಿ ಬಿದ್ದ ದಿನದಿಂದ ಮಗು ಒಂದೂ ಮಾತಾಡಿಲ್ಲ. "ಹೆದರಿದೆ, ತಾನೇ ಸರಿಹೋಗುತ್ತೆ" ಎಂದಿದ್ದರು ಎಲ್ಲರೂ. ತಾಯಿಗೆ ಮಾತ್ರ ಅದು ಹೆದರಿಕೆಯಂತೆ ಕಾಣುತ್ತಿರಲಿಲ್ಲ. ಒಳಗೆ ಒಂದು ಪ್ರಶ್ನೆ ಇಟ್ಟುಕೊಂಡ ಮುಖ ಅದು.

"ಏನು ಕಂದ? ಹೇಳು."

ಚುಕ್ಕಿ ತಲೆಯಲ್ಲಾಡಿಸಿದಳು. ಹೋಗಿ ಪ್ರಿಂಟರಿನ ಮೇಜಿನ ಕೆಳಗೆ ಕೂತಳು.

*

"ನಮ್ಮ ಮದುವೆ ಫೋಟೋನ ಎಷ್ಟು ಸಲ ಪ್ರಿಂಟ್ ತೆಗೆದ್ರು ಗೊತ್ತಾ, ಪುಣ್ಯಾತ್ಗಿತ್ತಿ?" ಎಂದು ಕನ್ನಡಕದಂಗಡಿಯವರು ನಾದಿನಿಗೆ ಹೇಳುತ್ತಿದ್ದರು. ಎದುರು ಸಾಲಿನ ಅಂಗಡಿ ಅವರದು. ಬೆಳಗಿನಿಂದ ಮುಚ್ಚಿ ಇಲ್ಲೇ ಕೂತಿದ್ದರು. "ನಾನೇ ಅಷ್ಟು ಸಲ ನನ್ನ ಹೆಂಡತಿ ಮುಖ ನೋಡಿರಲಿಲ್ಲ."

ಸೊಸೆ ಬಟ್ಟಲಲ್ಲಿ ಬಿಸಿನೀರು, ನವಿರಾದ ಬಟ್ಟೆಯ ಚೂರು ತಂದಿಟ್ಟುಕೊಂಡು ಕೆಲಸಕ್ಕೆ ಕೂತಳು. ಇಂಕು ಚಿಮ್ಮುವ ಹೆಡ್ಡು ಹಾಳೆಯ ನಡುವೆ ಬಾಯ್ದೆರೆದು ನಿಂತುಬಿಟ್ಟಿತ್ತು. ಕೆಲಸ ಮುಗಿದ ಮೇಲೆ ಅದು ತನ್ನ ಮೂಲೆಗೆ ಹೋಗಿ ಒದ್ದೆ ಮುಚ್ಚಳದ ಮೇಲೆ ಕೂರಬೇಕು. ಈಗ ಎರಡು ಗಂಟೆ ಹೊತ್ತಿನಿಂದ ಗಾಳಿಗೆ ಒಣಗುತ್ತಿದೆ.

"ಮೊದಲನೇ ಸಲ ಬಣ್ಣದ ಇಂಕಲ್ಲೇ ತೆಗೆದ್ರು. ಎಲ್ಲಾ ಬಣ್ಣ ಸೇರಿಸಿ ಅದೇ ಬೂದಿ ಬಣ್ಣ ಮಾಡ್ಕೊಳ್ಳುತ್ತೆ ಅಂತ ನಿಮ್ಮಣ್ಣ ಹೇಳಿದ್ದ. ಸರಿ, ಬಂತು. ಕಿಟಕಿ ಹತ್ರ ಹಿಡಿದ್ರೆ ನಾನು ಹಸಿರು. ಟ್ಯೂಬ್‌ಲೈಟ್ ಕೆಳಗೆ ಹಿಡಿದ್ರೆ ಗುಲಾಬಿ. 'ಮದುಮಗನೋ ಊಸರವಳ್ಳಿಯೋ' ಅಂದ್ರು ನಿಮ್ಮಮ್ಮ."

"ಅಂದಿರ್ತಾಳೆ," ಎಂದಳು ನಾದಿನಿ.

"ಆಮೇಲೆ ಬಣ್ಣನೆಲ್ಲ ಬಂದ್ ಮಾಡಿ ಬರೀ ಒಂದೇ ಕಪ್ಪು. ಅದರಲ್ಲಿ ನನ್ನ ಕೋಟೇನೋ ಚೆನ್ನಾಗಿ ಬಂತು, ಹೆಂಡತಿ ಕೆನ್ನೆ ಮೇಲೆ ಮರಳು ಎರಚಿದ ಹಾಗೆ!"

ಸೊಸೆ ಬಗ್ಗಿಕೊಂಡೇ ನಕ್ಕಳು. ಆ ವಾರವೇ ಅವಳಿಗೆ ಹೆರಿಗೆಯಾಗಿತ್ತು. ಒಂದೇ ಕಪ್ಪಿನಲ್ಲಿ ತೆಗೆದ ಕೂಸಿನ ಮೊದಲ ಫೋಟೋ ಅತ್ತೆ ಹಾಸಿಗೆಯ ಹತ್ತಿರ ತಂದು ತೋರಿಸಿದ್ದರು. ಒಂದೇ ಕಪ್ಪು ತಿಳಿಯಾಗಬೇಕೆಂದರೆ ಚುಕ್ಕಿಗಳನ್ನು ದೂರ ದೂರ ಇಡದೆ ಅದಕ್ಕೆ ಬೇರೆ ದಾರಿಯಿಲ್ಲ. ಹಾಲುಗೆನ್ನೆಯ ತುಂಬ ಚುಕ್ಕಿ. "ಸಿಡುಬು ಬಂದ ಹಾಗಿದೆ ನಿನ್ನ ಮಗಳಿಗೆ. ಚುಕ್ಕಿ! ಏ ಚುಕ್ಕಿ!" ಎಂದು ತೊಟ್ಟಿಲಿಗೆ ಬಗ್ಗಿ ಕರೆದಿದ್ದರು. ಇಟ್ಟ ಹೆಸರಿನಿಂದ ಆಮೇಲೆ ಯಾರೂ ಕರೆಯಲಿಲ್ಲ.

"ಆಮೇಲೆ ನಾಲ್ಕು ಕಪ್ಪು ತರಿಸಿದ್ರು. ಒಂದು ಗಟ್ಟಿ, ಉಳಿದವು ಒಂದಕ್ಕಿಂತ ಒಂದು ತೆಳು. ಕೆನ್ನೆಗೆ ತೆಳು, ಕೋಟಿಗೆ ಗಟ್ಟಿ. ಆಹಾ, ಈಗ ಸರಿಯಾಯ್ತು ಅಂತ ಕೈಗೆ ತಗೊಂಡೆ. ಕೋಟು ಹೆಬ್ಬೆರಳಿಗೆ ಬಂತು!"

"ಅಂದ್ರೆ?"

"ಗಟ್ಟಿ ಕಪ್ಪು ಒರಟು ಕಾಗದದ್ದಂತೆ. ಹೊಳಪಿನ ಕಾಗದದ ಮೇಲೆ ಅದು ಇಳಿಯೋದೇ ಇಲ್ಲ, ಮೇಲೇ ಕೂತಿರುತ್ತೆ. ಹೊಳಪಿಗೇ ಅಂತ ಬೇರೆ ಕಪ್ಪು ಬರಬೇಕಾಯ್ತು. ಅದು ಬಂದ ಮೇಲೆ ಇವರು ಫೋಟೋನ ಹೀಗೆ ಓರೆ ಹಿಡಿದು, ಒಂದು ಕಣ್ಣು ಮುಚ್ಚಿ, 'ಇಂಕಿರೋ ಕಡೆ ಒಂದು ಹೊಳಪು, ಇಲ್ಲದ ಕಡೆ ಇನ್ನೊಂದು ಹೊಳಪು' ಅಂತ ಮತ್ತೆ ಕಿತ್ಕೊಂಡ್ರು. ಕೊನೆಗೆ ಎಲ್ಲದರ ಮೇಲೂ ಬಣ್ಣವಿಲ್ಲದ ಏನನ್ನೋ ಬಳಿಸಿ ಕೊಟ್ರು. ಅಷ್ಟರಲ್ಲಿ ನಮ್ಮ ಮದುವೆಯಾಗಿ ಹನ್ನೊಂದು ವರ್ಷ ಆಗಿತ್ತು."

ಅವರು ನಕ್ಕರು, ನಗು ಮುಗಿಯುವ ಹೊತ್ತಿಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಾನು ದಿನಾ ಜನಕ್ಕೆ ಕನ್ನಡಕ ಕೊಡೋನು. ನೋಡೋದು ಅಂದ್ರೆ ಏನು ಅಂತ ತೋರಿಸಿದ್ದು ಆಯಮ್ಮ."

*

ಅತ್ತೆಯ ಇಂಕಿನ ಜೋಡಣೆಯಲ್ಲಿ ಇನ್ನೊಂದು ಶೀಸೆ ಇತ್ತು. ನಾಲ್ಕು ಕಪ್ಪಿನ ಪಕ್ಕದಲ್ಲಿ, ಹೊಗೆಯಂಥ ನೀಲಿ.

ಅವರ ಕಪ್ಪುಗಳು ಇದ್ದಲಿನಿಂದ ಮಾಡಿದವು. ಇದ್ದಲು ತನ್ನಷ್ಟಕ್ಕೆ ಬಿಟ್ಟರೆ ಕಂದು ಕಡೆ ವಾಲುತ್ತದೆ, ಹಳೆಯ ಮರದ ಹಾಗೆ. ಅದಕ್ಕೆ ನೀಲಿ ಸ್ವಲ್ಪ ಸೇರಿಸಿದರೆ ಕಪ್ಪು ತಣ್ಣಗಾಗಿ, ಬೆಳಗಿನ ನೀರಿನಂತೆ ಸ್ವಚ್ಛವಾಗುತ್ತದೆ. ಎಷ್ಟು ನೀಲಿ ಬೇಕೆಂದು ಪರದೆಯ ಮೇಲಿನ ಒಂದು ಗೆರೆಯಲ್ಲಿ ಸರಿಸಿ ಹೇಳಬೇಕು. ಬರುವ ಗಿರಾಕಿಗಳಿಗೆಲ್ಲ ತಣ್ಣಗಿನ ಕಪ್ಪೇ ಇಷ್ಟ.

ಒಂದು ದಿನ ಒಬ್ಬಾಕೆ ಗಂಡನ ಫೋಟೋ ತಂದಿದ್ದಳು. ಗಂಡ ಹೋಗಿ ತಿಂಗಳಾಗಿರಲಿಲ್ಲ. ಅತ್ತೆ ಎಲ್ಲರಿಗೂ ಮಾಡುವ ಹಾಗೆ ನೀಲಿ ಸೇರಿಸಿ ತೆಗೆದುಕೊಟ್ಟರು. ಆಕೆ ಬಹಳ ಹೊತ್ತು ನೋಡಿದಳು. ಚೆನ್ನಾಗಿಲ್ಲ ಎನ್ನಲು ಸಂಕೋಚ.

"ಚಳಿಯಾಗ್ತಿರೋ ಹಾಗೆ ಕಾಣ್ತಾರೆ," ಎಂದಳು.

ಅತ್ತೆ ಪರದೆಯ ಕಡೆ ತಿರುಗಿದರು. ಗೆರೆಯನ್ನು ಸೊನ್ನೆಗೆ ಎಳೆದರು. ಮತ್ತೆ ತೆಗೆದರು. ಆಕೆ ಆ ಫೋಟೋವನ್ನು ಕವರಿಗೆ ಹಾಕಿಸಿಕೊಳ್ಳಲಿಲ್ಲ, ಎದೆಗೆ ಒತ್ತಿಕೊಂಡು ಬಿಸಿಲಿನಲ್ಲಿ ಹಾಗೆಯೇ ನಡೆದು ಹೋದಳು. ಅತ್ತೆ ಬಾಗಿಲಲ್ಲಿ ನಿಂತು, ಅವಳು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದರು.

"ಇದ್ದೋರಿಗೆ ತಣ್ಣಗಿನ ಕಪ್ಪು ಸಾಕು ಕಣೇ," ಎಂದರು ಒಳಗೆ ಬರುತ್ತ. "ಅವರು ತಾವೇ ಬೆಚ್ಚಗಿರ್ತಾರೆ. ಹೋದೋರಿಗೆ ಬೆಚ್ಚಗಿನದೇ ಬೇಕು."

*

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹೆಡ್ಡಿನ ಕೆಳಗೆ ಸರಿಸಿ ಸೊಸೆ ಕಾದಳು. ಉಜ್ಜಬಾರದು, ಒತ್ತಬಾರದು, ನಿದ್ದೆಗಣ್ಣಿನ ಮಗುವಿನ ಮುಖ ಒರೆಸಿದ ಹಾಗೆ. ಬಟ್ಟೆಯಲ್ಲಿ ಮೆಲ್ಲಗೆ ಬೂದು ಹೂವೊಂದು ಅರಳಿತು. ಅದರ ಪಕ್ಕ ಇನ್ನೊಂದು, ಇನ್ನೂ ತೆಳುವಾದದ್ದು. ಹಿಂದೆ ಜನ ಬರುತ್ತಿದ್ದರು, ಹೂ ಇಡುತ್ತಿದ್ದರು, ಪಿಸುಗುಟ್ಟುತ್ತಿದ್ದರು. ಪೆಟ್ಟಿಗೆಯ ಗುರ್ ಎಂಬ ಸದ್ದಿನಲ್ಲಿ ಮಾತುಗಳೆಲ್ಲ ನೀರಿನ ಕೆಳಗಿನಿಂದ ಬಂದಂತೆ ಕೇಳುತ್ತಿದ್ದವು. ಗಾಜಿನೊಳಗೆ ಅತ್ತೆ, ಹಿಂದೆ ಫೋಟೋ ತೊಳೆಯುತ್ತಿದ್ದ ಕತ್ತಲೆ ಕೋಣೆಯ ತಟ್ಟೆಯಲ್ಲಿ ತೇಲಿ ಬರುತ್ತಿರುವ ಮುಖದಂತೆ, ಇನ್ನೇನು ಪೂರ್ತಿ ಕಾಣಿಸಿಕೊಳ್ಳಬೇಕು ಎನ್ನುವ ಹಾಗೆ ಮಲಗಿದ್ದರು.

ಅವರೂ ಹೀಗೆಯೇ ಬಟ್ಟೆ ಹಿಡಿದು ಬಗ್ಗಿದ್ದರಲ್ಲ, ಅವತ್ತು.

ಅದಕ್ಕೆ ಮುಂಚೆ ಒಂದು ವಾರ ಶೀತ, ಜ್ವರ ಎಂದು ಅತ್ತೆ ಮಲಗಿದ್ದರು. ಗೆರೆಹಾಳೆಯ ಗುಂಡಿ ಒತ್ತುವುದು ಮೊದಲಿನಿಂದಲೂ ಚುಕ್ಕಿಯ ಹಕ್ಕು. ಸ್ಟೂಲು ಹತ್ತಿ, ಅಜ್ಜಿ 'ಹೂಂ' ಎಂದ ಮೇಲೆ ಒತ್ತಬೇಕು. ಆ ವಾರ ಅಜ್ಜಿಯ 'ಹೂಂ' ಇಲ್ಲದೆ ಅವಳೊಬ್ಬಳೇ ಒತ್ತಬೇಕಾಗಿತ್ತು. ಆದರೆ ಅಜ್ಜಿ ಮೊಮ್ಮಗಳಿಗೆ ಆಗ ಠೂ ಆಗಿ ಮಾತು ನಿಂತಿತ್ತು. ಜ್ವರ ಬರುವ ಮುನ್ನ ಚುಕ್ಕಿ ಗಿಣಿಯ ಚಿತ್ರ ಬರೆದು, ಇದನ್ನು ಹೊಳೆಯೋ ಕಾಗದದಲ್ಲಿ ತೆಗೆದುಕೊಡು ಎಂದು ಕೇಳಿದ್ದಳು. "ನನ್ನ ಮಿಷಿನ್ನಲ್ಲಿ ಹಸಿರಿಲ್ಲ ಕಣೇ, ಇರೋದೆಲ್ಲ ಕಪ್ಪೇ" ಎಂದು ಅತ್ತೆ ಹೇಳಿ, ಹೇಳಿದ ಹಾಗೆಯೇ ತೆಗೆದೂ ಕೊಟ್ಟರು. "ನನ್ನ ಗಿಣೀನ ಕಾಗೆ ಮಾಡಿಬಿಟ್ಟೆ!" ಎಂದು ಚುಕ್ಕಿ ಕಾಲು ಅಪ್ಪಳಿಸಿ ಅತ್ತಿದ್ದಳು.

ಜ್ವರ ಬಿಟ್ಟು ಎದ್ದ ಬೆಳಿಗ್ಗೆ ಅತ್ತೆ ಮೊದಲು ಮಿಷಿನ್ನಿನ ಹತ್ತಿರ ಹೋದರು. ಗೆರೆಗಳೆಲ್ಲ ತುಂಡು ತುಂಡು.

"ಇದ್ಯಾಕೆ ಹೀಗೆ? ಕೂಸು ದಿನಾ ಒತ್ತಿದೆಯಲ್ಲ. ಹವಾ ಒಣಗಿದೆ, ಅದಕ್ಕೇ ಇರಬೇಕು," ಎಂದು ತಾವೇ ಸಮಾಧಾನ ಹೇಳಿಕೊಂಡು ಬಟ್ಟೆ ಅದ್ದಿಕೊಂಡು ಬಗ್ಗಿದರು. ಸೊಸೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ದೊಪ್ಪನೆ ಸದ್ದು ಕೇಳಿ ಓಡಿ ಬಂದಾಗ ಅತ್ತೆ ನೆಲದ ಮೇಲಿದ್ದರು. ಕೈಯಲ್ಲಿ ಒದ್ದೆ ಬಟ್ಟೆ. ಸ್ಟೂಲಿನ ಮೇಲೆ ಚುಕ್ಕಿ, ಕಲ್ಲಿನಂತೆ.

ತಲೆಯೊಳಗಿನ ನರ ಒಡೆದಿತ್ತು. "ಬಹಳ ದಿನದಿಂದ ಕಾದಿದ್ದದ್ದು ಇದು, ಬಗ್ಗಿದರೂ ಆಗೋದೇ, ಮಲಗಿದರೂ ಆಗೋದೇ" ಎಂದು ಡಾಕ್ಟರು ಹೇಳಿದ್ದರು. ಹೇಳಿದ್ದು ಬಾಗಿಲ ಹೊರಗೆ, ದೊಡ್ಡವರಿಗೆ.

*

ವೈರಿನ ಬೋರ್ಡೊಂದು ತಂದು ಪ್ರಿಂಟರಿಗೆ ಕರೆಂಟು ಕೊಟ್ಟರು. ಮೊದಲ ಗೆರೆಹಾಳೆಯಲ್ಲಿ ಎರಡು ಗೆರೆ ಇರಲೇ ಇಲ್ಲ. ಸೊಸೆ ಮತ್ತೆ ಬಟ್ಟೆ ಅದ್ದಿದಳು. ಮತ್ತೊಂದು ಹಾಳೆ. ಮತ್ತೊಂದು. ನಾಲ್ಕನೆಯದರಲ್ಲಿ ನಾಲ್ಕೂ ಕಪ್ಪು, ಹೊಗೆನೀಲಿ, ಎಲ್ಲ ಬಂದವು. ಅವಳು ಬಿಟ್ಟ ಉಸಿರು ಮೇಜಿನ ಕೆಳಗಿದ್ದ ಚುಕ್ಕಿಗೂ ಕೇಳಿಸಿತು.

ಆದರೆ ದೊಡ್ಡ ಕಾಗದ ಹಾಕಿದ್ದೇ ತಡ, ಪೆಟ್ಟಿಗೆ ಗುರ್ರೆಂದು ಜೋರಾಯಿತು, ದೀಪ ಮಂಕಾಯಿತು, ಪ್ರಿಂಟರು ನಿಂತು ಮತ್ತೆ ಮೊದಲಿನಿಂದ ಕಣ್ಣುಜ್ಜಿಕೊಂಡು ಎದ್ದಿತು. ಹಳೆಯ ಮನೆಯ ವೈರಿಗೆ ಇಬ್ಬರನ್ನೂ ಒಟ್ಟಿಗೆ ಸಾಕುವ ಶಕ್ತಿ ಇರಲಿಲ್ಲ.

ಸೊಸೆ ಗಂಡನ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು: "ಪೆಟ್ಟಿಗೆ ಸ್ವಲ್ಪ ಹೊತ್ತು ಆರಿಸಬೇಕು ರೀ."

"ಏನಂದೆ?"

ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿಸಿಬಿಟ್ಟಿತ್ತು.

"ಆರಿಸೋ ಹಾಗಿಲ್ಲಮ್ಮ, ಆಮೇಲೆ ನನ್ನ ಮೇಲೆ ಬರುತ್ತೆ," ಎಂದ ಪೆಟ್ಟಿಗೆಯವನು.

"ಫೋಟೋಗೋಸ್ಕರ ಅಮ್ಮನ್ನ..." ಎಂದ ಗಂಡ.

ಸೊಸೆಗೆ ಕಿವಿ ಬಿಸಿಯಾಯಿತು. ಆಗ ನಾದಿನಿ ಎದ್ದು ನಿಂತಳು.

"ಆರಿಸೋ ಅಣ್ಣ. ಕೈಯಲ್ಲಿ ಕೆಲಸ ಇದ್ದಾಗ ಅಮ್ಮ ಯಾವತ್ತಾದರೂ ಫ್ಯಾನ್ ಹಾಕಿಸಿಕೊಂಡಿದ್ದಾಳಾ? ಕಾಗದ ಹಾರುತ್ತೆ ಅಂತ ಬೇಸಿಗೇಲಿ ನಮ್ಮನ್ನೆಲ್ಲ ಬೇಯಿಸ್ತಿದ್ದಳು. ಇವತ್ತೊಂದಿನ ಅವಳೂ ಸೆಕೆ ತಡಕೊಳ್ಳಲಿ."

ಗಂಡ ನಗಲಿಲ್ಲ. ಗಾಜಿನ ಹತ್ತಿರ ಹೋಗಿ ಅಮ್ಮನ ಮುಖ ನೋಡಿದ. ಆಮೇಲೆ ತಾನೇ ಬಗ್ಗಿ ಸ್ವಿಚ್ ಆರಿಸಿದ.

ಸದ್ದು ನಿಂತಿತು. ಬೆಳಗಿನಿಂದ ಎಲ್ಲರ ಮಾತಿನಡಿ ಹರಿಯುತ್ತಿದ್ದದ್ದು ಒಮ್ಮೆಲೇ ಇಲ್ಲವಾದಾಗ, ಮನೆ ನೆಲ ಬಿಟ್ಟು ಒಂದಿಷ್ಟು ಮೇಲೆ ತೇಲಿದಂತಾಯಿತು. ಗೋಡೆಯ ಗಡಿಯಾರ ಕೇಳಿಸಿತು. ಯಾರದೋ ಬಳೆ ಕೇಳಿಸಿತು.

ಪರದೆಯ ಮೇಲೆ ಅತ್ತೆಯ ಮುಖ ಬಂತು. ಸೊಸೆ ಯಾವತ್ತೋ ಅವರಿಗೆ ತಿಳಿಯದಂತೆ ಕಿಟಕಿಯ ಬಳಿ ಮೊಬೈಲಿನಲ್ಲಿ ಹಿಡಿದದ್ದು: ಕೈಯಲ್ಲೊಂದು ಫೋಟೋ ಓರೆ ಹಿಡಿದು, ಒಂದು ಕಣ್ಣು ಕಿರಿದು ಮಾಡಿ, ಹೊಳಪು ನೋಡುತ್ತಿದ್ದಾರೆ.

"ಇದಾ ಅತ್ತಿಗೆ? ಒಂದು ಕಣ್ಣು ಮುಚ್ಚಿರೋದು? ಜನ ಏನಂದುಕೋತಾರೆ, ಕಣ್ಣು ಹೊಡೀತಿದ್ದಾಳೆ ಅಂತಾರೆ!"

"ಇದೇ ಅತ್ತೆ," ಎಂದಳು ಸೊಸೆ.

ನಾದಿನಿ ಇನ್ನೊಮ್ಮೆ ನೋಡಿದಳು. "ಹೂಂ. ಇದೇ," ಎಂದಳು. ಆಮೇಲೆ, "ತಣ್ಣಗಿನದಕ್ಕೇ ಹಾಕಿ. ಅಮ್ಮ ಸ್ಟೀಲಿನ ಹಾಗೆ ಇದ್ದೋಳು."

ಸೊಸೆ ಪರದೆಯ ಕಡೆ ಬಗ್ಗಿದಳು. ನೀಲಿಯ ಗೆರೆಯನ್ನು ಸೊನ್ನೆಗೆ ಎಳೆದಳು. ಹೋದೋರಿಗೆ ಬೆಚ್ಚಗಿನದೇ ಬೇಕು. ಪರದೆಯಲ್ಲಿ ಅತ್ತೆಯ ಕೆನ್ನೆ ಹಳೆಯ ಮರದ ಬಣ್ಣಕ್ಕೆ ತಿರುಗಿತು. ಬಹಳ ಮೃದುವಾಗಿ, ಬಹಳ ಒಳ್ಳೆಯವರಾಗಿ, ಯಾರನ್ನೂ ಬೈಯದವರಾಗಿ ಕಂಡರು. ಇವರು ಯಾರೋ ಬೇರೆಯವರು ಎನಿಸಿತು ಅವಳಿಗೆ. ಗಿಣಿಗೆ ಹಸಿರಿಲ್ಲ ಎಂದು ಮೊಮ್ಮಗಳ ಮುಖಕ್ಕೇ ಹೇಳಿದವರು ಇವರಲ್ಲ. ಅವಳು ಗೆರೆಯನ್ನು ಒಂದು ಕೂದಲೆಳೆಯಷ್ಟು ನೀಲಿಯ ಕಡೆಗೆ ತಳ್ಳಿದಳು. ಆಗ ಕಿರಿದಾದ ಕಣ್ಣಿನಲ್ಲಿ ಆ ಹಳೆಯ ಚುರುಕು ಬಂದು ಕೂತಿತು.

ಹೊಳಪಿನ ಕಾಗದವನ್ನು ಅಂಚುಗಳಲ್ಲಿ ಹಿಡಿದು ಇಟ್ಟಳು. ಮೇಜಿನ ಕೆಳಗಿನಿಂದ ಸ್ಟೂಲು ಎಳೆದಳು.

"ಬಾ ಚುಕ್ಕಿ. ಗುಂಡಿ ಒತ್ತು."

ಚುಕ್ಕಿ ಸ್ಟೂಲು ಹತ್ತಿದಳು. ಹತ್ತಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಅಮ್ಮ ಅವಳ ಮುಖ ನೋಡಿದಳು, ಬೆನ್ನ ಹಿಂದಿನ ಕೈಗಳನ್ನು ನೋಡಿದಳು. "ಆಗಲಿ, ನಾನು ಒತ್ತುತೀನಿ. ನೀನು 'ಹೂಂ' ಅನ್ನು, ಅಜ್ಜಿ ಹಾಗೆ."

ಮಗು 'ಹೂಂ' ಎನ್ನಲಿಲ್ಲ. ಅಮ್ಮ ಕಾದಳು. ಎಷ್ಟೋ ಹೊತ್ತಾದ ಮೇಲೆ ತಾನೇ ಒತ್ತಿದಳು.

ಆ ನಿಶ್ಶಬ್ದದಲ್ಲಿ ಹೆಡ್ಡು ಓಡಾಡುವ ಸದ್ದೊಂದೇ, ಅತ್ತ ಇತ್ತ, ಯಾರೋ ತೊಟ್ಟಿಲು ತೂಗುವಂತೆ. ಜನ ಒಬ್ಬೊಬ್ಬರಾಗಿ ಎದ್ದು ಹತ್ತಿರ ಬಂದರು. ಮೊದಲು ಕಿಟಕಿಯ ಬೆಳಕು ಬಂತು, ಬೆಳಕಿನಲ್ಲಿ ಬಿಳಿಗೂದಲು, ಒಂದೊಂದು ಎಳೆಯೂ ಬೇರೆ ಬೇರೆ. ಹಣೆಯ ಗೆರೆಗಳು ಬಂದವು, ಎಲ್ಲೂ ತುಂಡಾಗದೆ. ತೆರೆದ ಕಣ್ಣು ಬಂತು. ಕಿರಿದಾದ ಕಣ್ಣು ಬಂತು. "ಅಮ್ಮಾ..." ಎಂದ ಗಂಡ, ಯಾರಿಗೂ ಅಲ್ಲದೆ. ಕನ್ನಡಕದಂಗಡಿಯವರು ತಲೆ ಓರೆ ಮಾಡಿ ಹೊಳಪು ನೋಡಿದರು. ಮೂಗು ಬಂತು. ಮೇಲ್ದುಟಿ ಬಂತು. ಇನ್ನೇನು ಮಾತಾಡಬೇಕು ಎನ್ನುವ ಹಾಗೆ ಆ ಮುಖ ಮಿಷಿನ್ನಿನಿಂದ ಅರ್ಧ ಹೊರಗೆ ಬಂದು, ಸ್ಟೂಲಿನ ಮೇಲಿದ್ದವಳನ್ನೇ ಓರೆಗಣ್ಣಲ್ಲಿ ನೋಡುತ್ತಿತ್ತು.

ಚುಕ್ಕಿಯ ಕೈಗಳು ಬೆನ್ನಿನಿಂದ ಮುಂದಕ್ಕೆ ಬಂದವು. ಒಂದು ಬೆರಳು ಗುಂಡಿಯ ಮೇಲೆ ಹೋಗಿ, ಒತ್ತದೆ, ಅಲ್ಲೇ ನಿಂತಿತು. ಇಷ್ಟು ದಿನ ಸುಮ್ಮನಿದ್ದು ಒಡೆದ ದನಿಯಲ್ಲಿ, ಕೋಣೆಗೆಲ್ಲ ಕೇಳುವಂತೆ, ಅವಳು ಕೇಳಿದಳು:

"ಅಮ್ಮಾ, ನಾನು ದಿನಾ ಒತ್ತಿದ್ದಿದ್ರೆ, ಅಜ್ಜಿ ಅವತ್ತು ಬಗ್ತಾನೇ ಇರಲಿಲ್ಲ, ಅಲ್ವಾ?"